ಹಾಲು ಬಿಟ್ಟ ಹಂದಿಮರಿಗೆ ಯಾವ ಸೋಯಾ: ಸಾದಾ ಹಿಂಡಿಯೋ, ಹುದುಗಿಸಿದ್ದೋ, ಕಾನ್ಸಂಟ್ರೇಟೋ?

ಸೋಯಾದಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನುಗಳು ಗ್ಲೈಸಿನಿನ್ ಮತ್ತು ಬೀಟಾ-ಕಾನ್‌ಗ್ಲೈಸಿನಿನ್. ಎಳೆಮರಿಯ ಜಠರದಲ್ಲಿ ಆಮ್ಲ ಇನ್ನೂ ಸಾಲದು. ಹಾಗಾಗಿ ಇವುಗಳ ಒಂದು ಪಾಲು ಪೂರ್ತಿ ಒಡೆಯದೆ ಸಣ್ಣಕರುಳಿಗೆ ಇಳಿಯುತ್ತದೆ. ಅಲ್ಲಿ ರೋಗನಿರೋಧಕ ವ್ಯವಸ್ಥೆ ಕೆರಳಿ, ಪೋಷಕಾಂಶ ಹೀರುವ ಬೆರಳಿನಂಥ ವಿಲ್ಲೈಗಳು ಮೊಟಕಾಗುತ್ತವೆ. ಭೇದಿ ಶುರುವಾಗುತ್ತದೆ, ತೂಕ ನಿಲ್ಲುತ್ತದೆ.

ಸಾದಾ ಹಿಂಡಿ (ಪ್ರೋಟೀನ್ 44–48%) ಅಗ್ಗ. ಅದನ್ನು ಬಿಸಿಮಾಡಿದಾಗ ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಅಂಶ ತಗ್ಗುತ್ತದೆ, ಆದರೆ ಈ ಎರಡು ಪ್ರೋಟೀನುಗಳು ಸಾಕಷ್ಟು ಉಳಿದುಬಿಡುತ್ತವೆ. ಯೂರಿಯೇಸ್ ಪರೀಕ್ಷೆ ಪಾಸಾಯಿತೆಂದು ನಿಶ್ಚಿಂತರಾಗಬೇಡಿ. ಶಾಖ ಸಾಕಾಗಿದೆಯೇ ಎಂದಷ್ಟೇ ಅದು ಹೇಳುತ್ತದೆ, ಅಲರ್ಜನ್ (ಅಲರ್ಜಿ ತರುವ ಪ್ರೋಟೀನ್) ಎಷ್ಟಿದೆ ಎಂದಲ್ಲ. ಹಾಗೆಂದು ಶಾಖ ಏರಿಸುತ್ತ ಹೋದರೆ ಲೈಸಿನ್ ಎಂಬ ಅಗತ್ಯ ಅಮೈನೋ ಆಮ್ಲ ಕೆಡುತ್ತದೆ.

ಹುದುಗಿಸಿದ ಸೋಯಾದಲ್ಲಿ ಸೂಕ್ಷ್ಮಾಣುಗಳು ಪ್ರೋಟೀನನ್ನು ಮೊದಲೇ ತುಂಡರಿಸಿರುತ್ತವೆ. ಗುಣಮಟ್ಟ ಮಾತ್ರ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ, ಅಲರ್ಜನ್ ಎಷ್ಟಿದೆ ಎಂದು ಅಳೆಯುವ ಎಲೈಸಾ ಪರೀಕ್ಷೆಯ ವರದಿ ಕೇಳಿಯೇ ಕೊಳ್ಳಿ. ಆಲ್ಕೊಹಾಲ್‌ನಲ್ಲಿ ತೊಳೆದ ಕಾನ್ಸಂಟ್ರೇಟಿನಲ್ಲಿ (ಪ್ರೋಟೀನ್ ಸುಮಾರು 65%) ಹೊಟ್ಟೆ ಉಬ್ಬರಿಸುವ ಸಕ್ಕರೆಗಳೂ ಬಹುಪಾಲು ಹೋಗಿರುತ್ತವೆ. ಬೆಲೆ ಹೆಚ್ಚು, ಆದರೆ ತೀರಾ ಎಳೆಮರಿಗೆ ನಮ್ಮ ಮೊದಲ ಆಯ್ಕೆ ಇದೇ.

ಹಾಲು ಬಿಡಿಸಿದ ಮೊದಲ 2 ವಾರ ಹುದುಗಿಸಿದ್ದು, ಕಾನ್ಸಂಟ್ರೇಟ್ ಇವೆರಡರಲ್ಲಿ ಒಂದನ್ನು ಮುಖ್ಯವಾಗಿ ಕೊಡಿ. ಸಾದಾ ಹಿಂಡಿಯನ್ನು ಆಗಲೇ ಸ್ವಲ್ಪ ಬೆರೆಸಿ, ಸಗಣಿ ಗಟ್ಟಿಯಿದ್ದರೆ ಮೆಲ್ಲಗೆ ಏರಿಸಿ. 25 ಕೆ.ಜಿ. ದಾಟಿದ ಆರೋಗ್ಯವಂತ ಹಂದಿಗೆ ಹಿಂಡಿಯೇ ಸಾಕು.