ಜರಿಟ್ ಪ್ರಶ್ನಾವಳಿ: ನರ್ಸ್ ಕೈಯಲ್ಲಿ ಎಷ್ಟು ಉಪಯೋಗ?

ಡಿಮೆನ್ಷಿಯಾ (ನೆನಪು, ವಿವೇಚನೆ ಕುಂದುತ್ತಾ ಹೋಗುವ ಕಾಯಿಲೆ) ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಅಳೆಯಲು ಜರಿಟ್ ಪ್ರಶ್ನಾವಳಿ ಬಹಳ ಬಳಕೆಯಲ್ಲಿದೆ. 1980ರಲ್ಲಿ 29 ಪ್ರಶ್ನೆಗಳಿದ್ದವು, ಈಗ ಹೆಚ್ಚಾಗಿ ಬಳಸುವುದು 22ರದ್ದು. ಒಂದೊಂದಕ್ಕೂ 0ಯಿಂದ 4 ಅಂಕ, ಒಟ್ಟು 88; ಅಂಕ ಹೆಚ್ಚಿದಷ್ಟೂ ಭಾರ ಹೆಚ್ಚು.

ಇದರ ದೊಡ್ಡ ಗುಣವೆಂದರೆ, ಬಾಯಿಬಿಟ್ಟು ಹೇಳಲಾಗದ್ದನ್ನು ಅದೇ ಕೇಳಿಬಿಡುತ್ತದೆ. ಸಿಟ್ಟು, ಮುಜುಗರ, ಬೇರೆ ಯಾರಾದರೂ ನೋಡಿಕೊಂಡರೆ ಸಾಕು ಅನ್ನುವ ಆಸೆ ಇವೆಲ್ಲ ಅಚ್ಚಾದ ಪ್ರಶ್ನೆಗಳಾಗಿ ಎದುರಿಗಿದ್ದರೆ, ತನಗೊಬ್ಬಳಿಗೇ ಹೀಗನ್ನಿಸುವುದಲ್ಲ ಎಂದು ಮಗಳಿಗೋ ಸೊಸೆಗೋ ತಿಳಿಯುತ್ತದೆ. ಅಷ್ಟರಿಂದಲೇ ಎಷ್ಟೋ ಜನ ಮಾತು ಶುರು ಮಾಡುತ್ತಾರೆ.

ರೋಗಿಯ ಎದುರಿಗೋ ಮನೆಯವರ ನಡುವೆಯೋ ಕೂರಿಸಿ ತುಂಬಿಸಿದರೆ ಮಾತ್ರ ಪ್ರಯೋಜನವಿಲ್ಲ, ಎಲ್ಲಕ್ಕೂ 0, 1 ಬೀಳುತ್ತದೆ. ಬೇರೆ ಕೋಣೆಯಲ್ಲಿ ಒಬ್ಬರನ್ನೇ ಕೇಳಿ. ಇನ್ನೊಂದು ತಪ್ಪು, ಮೊತ್ತ ಕೂಡಿಸಿ ಫೈಲಿಗೆ ಹಾಕಿ ಎದ್ದುಬಿಡುವುದು. ಒಟ್ಟು 30 ಬಂದವರೂ ತನ್ನ ಆರೋಗ್ಯ ಕೆಟ್ಟಿದೆಯೇ ಎಂಬುದಕ್ಕೆ 4 ಕೊಟ್ಟಿರಬಹುದು. 3, 4 ಬಂದ ಕಡೆಯೆಲ್ಲ ನಿಂತು, 'ಹೋದ ವಾರ ಏನಾಯಿತು ಹೇಳಿ' ಎನ್ನಬೇಕು.

ರೋಗಿಗಾಗಿ ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ ಎಂದರು ಅಂದುಕೊಳ್ಳಿ. ಮೊದಲು ಕೇಳಬೇಕಾದ್ದು, ಯಾವಾಗಿನಿಂದ? ಒಂದೆರಡು ದಿನದಲ್ಲಿ ರೋಗಿಯ ಗೊಂದಲ ದಿಢೀರನೆ ಹೆಚ್ಚಿದ್ದರೆ ಅದು ಡಿಲಿರಿಯಮ್ (ದೇಹದ ಬೇರೆ ತೊಂದರೆಯಿಂದ ಹಠಾತ್ತನೆ ಬರುವ ಗೊಂದಲ) ಇರಬಹುದು. ಮೂತ್ರದ ಸೋಂಕು, ಮಲಬದ್ಧತೆ, ನೋವು, ಹೊಸ ಮಾತ್ರೆ, ನೀರು ಕಡಿಮೆಯಾಗಿರುವುದು ಇವುಗಳಲ್ಲಿ ಯಾವುದಾದರೂ ಕಾರಣವಾಗಬಹುದು, ಅದೇ ದಿನ ಡಾಕ್ಟರಿಗೆ ತೋರಿಸಬೇಕು. ತಿಂಗಳುಗಳಿಂದ ಇದ್ದರೆ ಹಗಲು ನಿದ್ದೆ, ಸಂಜೆಯ ಕಾಫಿ ವಿಚಾರಿಸಿ. ಮಲಗುವ ಮುಂಚೆ ಟಾಯ್ಲೆಟ್, ದಾರಿಯಲ್ಲೊಂದು ಸಣ್ಣ ದೀಪ ಅಭ್ಯಾಸ ಮಾಡಿಸಿ. ಮೂತ್ರ ಹೋಗುವ ಮಾತ್ರೆಯನ್ನು ಸಂಜೆ ಕೊಡುತ್ತಿದ್ದರೆ ಬೆಳಗ್ಗೆಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಕೊರತೆಗಳೂ ಇವೆ. ನಿದ್ದೆ ಎಷ್ಟು ಗಂಟೆ, ಎತ್ತಿ ಕೂರಿಸಿ ಬೆನ್ನು ನೋಯುತ್ತಿದೆಯೇ, ಸ್ನಾನ ಮಾಡಿಸುವಾಗ ರೋಗಿ ಹೊಡೆಯುತ್ತಾರೆಯೇ ಎಂದು ಇದು ಕೇಳುವುದಿಲ್ಲ. ಖಿನ್ನತೆಯನ್ನೂ ಬೇರೆಯಾಗಿಯೇ ವಿಚಾರಿಸಬೇಕು. ಬದುಕು ಸಾಕೆನಿಸಿದೆಯೇ ಎಂದು ನೇರವಾಗಿ ಕೇಳಲು ಹಿಂಜರಿಯಬಾರದು.

ಮನೆ ಭೇಟಿಗೆ 12 ಪ್ರಶ್ನೆಗಳ ಚಿಕ್ಕ ಆವೃತ್ತಿಯೇ ಅನುಕೂಲ. ಅದರ ಒಟ್ಟು 48, ಹಾಗಾಗಿ ಮುಂದಿನ ಸಲವೂ ಅದನ್ನೇ ಬಳಸಿ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಬಿಡುವೇ ಇಲ್ಲ ಎಂದವರಿಗೆ 'ವಿಶ್ರಾಂತಿ ತಗೊಳ್ಳಿ' ಎಂದರೆ ಏನೂ ಆಗುವುದಿಲ್ಲ. ಯಾರು, ಯಾವ ದಿನ, ಎಷ್ಟು ಗಂಟೆಗೆ ಬಂದು ಕೂರುತ್ತಾರೆ ಎಂದು ಫಾರ್ಮಿನ ಹಿಂದೆಯೇ ಬರೆದು, ಆ ದಿನ ಫೋನ್ ಮಾಡಿ ವಿಚಾರಿಸಿ.