ವೇಪ್, ಗಮ್, ಪ್ಯಾಚ್: ಮೈಗೆ ಸೇರಿದ ನಿಕೋಟಿನ್ ಲೆಕ್ಕ

ಹದಿನಾರು ವರ್ಷ ದಿನಕ್ಕೆ 15 ಸಿಗರೇಟ್ ಸೇದುತ್ತಿದ್ದೆ. ಬಿಡಬೇಕೆಂದು ಮೊದಲು ನಿಕೋಟಿನ್ ಗಮ್ ಹಿಡಿದೆ, ಆಮೇಲೆ ವೇಪ್ (ನಿಕೋಟಿನ್ ದ್ರವವನ್ನು ಹಬೆ ಮಾಡಿ ಎಳೆಯುವ ಇ-ಸಿಗರೇಟ್), ಕೊನೆಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್. ಪೊಟ್ಟಣದ ಮೇಲಿನ ಮಿಲಿಗ್ರಾಂ ಅಂಕಿಯನ್ನು ನೆಚ್ಚಿಕೊಂಡು ಎರಡು ಸಲ ಸೋತೆ. ಬಿಡಲು ಹೊರಟಿರುವವರು ಅದೇ ಕಡೆ ಎಡವಬಾರದು ಎಂದು ನನ್ನ ಲೆಕ್ಕವನ್ನು ಬಿಚ್ಚಿಡುತ್ತಿದ್ದೇನೆ.

ಮೊದಲು ಸಿಗರೇಟಿನ ಲೆಕ್ಕ. ಒಂದು ಸಿಗರೇಟಿನ ಹೊಗೆಸೊಪ್ಪಿನಲ್ಲಿ ಸುಮಾರು 10ರಿಂದ 14 ಮಿ.ಗ್ರಾಂ ನಿಕೋಟಿನ್ ಇರುತ್ತದೆ. ಅದರಲ್ಲಿ ರಕ್ತ ಸೇರುವುದು ಹೆಚ್ಚುಕಡಿಮೆ 1ರಿಂದ 1.5 ಮಿ.ಗ್ರಾಂ. ನನ್ನ ಹದಿನೈದಕ್ಕೆ ದಿನಕ್ಕೆ 15ರಿಂದ 22 ಮಿ.ಗ್ರಾಂ ಆಯಿತು. ಆದರೆ ಚಟವನ್ನು ಕಟ್ಟುವುದು ಪ್ರಮಾಣ ಮಾತ್ರವಲ್ಲ, ವೇಗವೂ ಹೌದು. ಒಳಗೆಳೆದ ಹೊಗೆಯ ನಿಕೋಟಿನ್ ಶ್ವಾಸಕೋಶದಿಂದ ಮಿದುಳು ತಲುಪಲು 10ರಿಂದ 20 ಸೆಕೆಂಡು ಸಾಕು. ಎರಡು ಗಂಟೆಯೊಳಗೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ, ಕೈ ಮತ್ತೆ ಜೇಬಿಗೆ ಹೋಗುತ್ತದೆ.

ಗಮ್ ಕೊಳ್ಳುವಾಗ ಕಡಿಮೆ ಇದ್ದಷ್ಟೂ ಒಳ್ಳೆಯದೆಂದು 2 ಮಿ.ಗ್ರಾಂನದ್ದು ತಂದೆ. ಅದರಿಂದ ಮೈಗೆ ಸಿಗುವುದು ಸುಮಾರು ಅರ್ಧ, ಅಂದರೆ 1 ಮಿ.ಗ್ರಾಂ. ಅದೂ ಬಾಯಿಯ ಒಳಪದರದ ಮೂಲಕ ಅರ್ಧ ಗಂಟೆ ತೆಗೆದುಕೊಂಡು. ಬೆಳಗ್ಗೆ ಎದ್ದ 30 ನಿಮಿಷದೊಳಗೆ ಮೊದಲ ಸಿಗರೇಟ್ ಹಚ್ಚುವವರಿಗೆ 4 ಮಿ.ಗ್ರಾಂ ಬೇಕು ಎನ್ನುವುದು ಸಾಮಾನ್ಯ ಸಲಹೆ. ನಾನು ಐದು ನಿಮಿಷದೊಳಗೆ ಹಚ್ಚುವವನು. ಜೊತೆಗೆ ಕಾಫಿ ಕುಡಿಯುತ್ತಲೇ ಅದನ್ನು ಮಾಮೂಲಿ ಗಮ್‌ನಂತೆ ಜಗಿಯುತ್ತಿದ್ದೆ. ಕಾಫಿ, ಹಣ್ಣಿನ ರಸ, ಸೋಡಾ ಇವೆಲ್ಲ ಬಾಯನ್ನು ಆಮ್ಲೀಯ ಮಾಡುತ್ತವೆ, ಆಗ ನಿಕೋಟಿನ್ ಸರಿಯಾಗಿ ಒಳಗಿಳಿಯುವುದಿಲ್ಲ. ಎಂಜಲಿನ ಜೊತೆ ನುಂಗಿದ್ದರ ಬಹುಪಾಲನ್ನು ಯಕೃತ್ತು ಮುರಿದುಹಾಕುತ್ತದೆ. ನನಗೆ ಉಳಿದದ್ದು ಬಿಕ್ಕಳಿಕೆ ಮತ್ತು ಎದೆಯುರಿ. ಹನ್ನೊಂದನೆಯ ದಿನ ಮತ್ತೆ ಸಿಗರೇಟಿಗೆ ಹೋದೆ. ಗಮ್ ಕೆಲಸಕ್ಕೆ ಬಾರದು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ, ಅದು ತಪ್ಪು.

ವೇಪ್ ಹಿಡಿದ ಮೊದಲ ದಿನವೇ ಸಿಗರೇಟ್ ನಿಂತಿತು. ಇದನ್ನು ಮುಚ್ಚಿಡುವುದಿಲ್ಲ. ಗಂಟಲಿಗೆ ತಾಗುವ ಆ ಹಬೆ, ತುಟಿಗೆ ಒಯ್ಯುವ ಆ ಕೈ, ಬೇಗ ಸಿಗುವ ನಿರಾಳ, ಎಲ್ಲವೂ ಇತ್ತು. ಸುಡುವುದಿಲ್ಲವಾದ್ದರಿಂದ ಹೊಗೆಯ ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ. ಮೂರನೆಯ ವಾರಕ್ಕೆ ಬೆಳಗಿನ ಕೆಮ್ಮು ಹೋಯಿತು.

ಆದರೆ ಎಷ್ಟು ನಿಕೋಟಿನ್ ಒಳಗೆ ಹೋಗುತ್ತಿದೆ ಎಂಬ ಲೆಕ್ಕ ತಪ್ಪಿದ್ದು ಇಲ್ಲೇ. ನನ್ನದು 2 ಮಿ.ಲೀ. ಪಾಡ್ (ವೇಪ್‌ಗೆ ಸಿಕ್ಕಿಸುವ ದ್ರವದ ಪುಟ್ಟ ಡಬ್ಬಿ), ದ್ರವದ ಸಾಂದ್ರತೆ ಮಿ.ಲೀ.ಗೆ 20 ಮಿ.ಗ್ರಾಂ. ಯುರೋಪಿಯನ್ ಒಕ್ಕೂಟದಲ್ಲಿ ಇವೆರಡೂ ಗರಿಷ್ಠ ಮಿತಿಗಳು. ಒಂದು ಪಾಡ್‌ನಲ್ಲಿ 40 ಮಿ.ಗ್ರಾಂ ಆಯಿತು. ಅದೆಲ್ಲವೂ ರಕ್ತಕ್ಕೆ ಸೇರುವುದಿಲ್ಲ, ನಿಜ. ಸಾಧನ ಎಂಥದ್ದು, ಎಷ್ಟು ಆಳಕ್ಕೆ ಎಳೆಯುತ್ತೀರಿ ಎನ್ನುವುದರ ಮೇಲೆ ಪಾಲು ಬದಲಾಗುತ್ತದೆ. ನನ್ನ ಬಳಕೆ ಏರಿದ್ದಂತೂ ಕಣ್ಣಿಗೆ ಕಾಣುತ್ತಿತ್ತು: ಮೊದಲ ವಾರ ಒಂದು ಪಾಡ್ ಎರಡು ದಿನ ಬರುತ್ತಿತ್ತು, ಮೂರನೆಯ ತಿಂಗಳಿಗೆ ಒಂದೇ ದಿನಕ್ಕೆ ಮುಗಿಯತೊಡಗಿತು. ಅದರಲ್ಲಿದ್ದದ್ದು ನಿಕೋಟಿನ್ ಸಾಲ್ಟ್. ಬೆಂಜೋಯಿಕ್ ಆಮ್ಲದಂಥದ್ದನ್ನು ಸೇರಿಸುವುದರಿಂದ ಗಂಟಲು ಕೆರೆಯುವುದಿಲ್ಲ. ಸಾಕು ಎಂದು ತಡೆಯುತ್ತಿದ್ದ ಆ ಉರಿಯೂ ಇಲ್ಲವಾಯಿತು. ಸಿಗರೇಟಿಗೆ ತುದಿ ಇದೆ, ಬೆರಳು ಬಿಸಿಯಾದಾಗ ಎಸೆಯುತ್ತೇವೆ. ವೇಪ್‌ಗೆ ಮುಗಿಯುವ ಘಳಿಗೆಯೇ ಇಲ್ಲ. ಹಾಸಿಗೆಯಲ್ಲಿ ಮಲಗಿಯೂ ಎಳೆಯುತ್ತಿದ್ದೆ, ಸಿಗರೇಟಿದ್ದ ಕಾಲದಲ್ಲಿ ಎಂದೂ ಹಾಗೆ ಮಾಡಿದವನಲ್ಲ.

ತಗ್ಗಿಸೋಣವೆಂದು 10 ಮಿ.ಗ್ರಾಂ ದ್ರವಕ್ಕೆ ಇಳಿದೆ. ಎಂಟು ದಿನದಲ್ಲಿ ದ್ರವದ ಖರ್ಚು ಎರಡು ಪಟ್ಟಾಯಿತು. ಮೈ ತನಗೆ ರೂಢಿಯಾದಷ್ಟನ್ನು ಹೇಗೋ ಎಳೆದುಕೊಳ್ಳುತ್ತದೆ. ದೊಡ್ಡ ಸಾಧನದಲ್ಲಿ 3 ಮಿ.ಗ್ರಾಂನ ದ್ರವ ಮಾತ್ರ ಬಳಸುತ್ತೇನೆ ಎನ್ನುವವರೂ ದಿನಕ್ಕೆ 10 ಮಿ.ಲೀ. ಆವಿ ಮಾಡಿದರೆ 30 ಮಿ.ಗ್ರಾಂ ಖರ್ಚಾಯಿತೆಂದೇ ಅರ್ಥ.

2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗ ನನ್ನ ಅನುಭವವನ್ನೇ ಅಂಕಿಗಳಲ್ಲಿ ಬರೆದಂತಿದೆ. 886 ಮಂದಿಯಲ್ಲಿ ಒಂದು ವರ್ಷದ ನಂತರ ಸಿಗರೇಟಿನಿಂದ ದೂರವಿದ್ದವರು ವೇಪ್ ಗುಂಪಿನಲ್ಲಿ ಶೇ 18, ಗಮ್, ಪ್ಯಾಚ್ ಮೊದಲಾದವುಗಳ ಗುಂಪಿನಲ್ಲಿ ಶೇ 9.9. ಹಾಗೆ ಬಿಟ್ಟವರ ಪೈಕಿ ವೇಪ್ ಗುಂಪಿನ ಶೇ 80 ಮಂದಿ ವರ್ಷವಾದರೂ ವೇಪ್ ಎಳೆಯುತ್ತಲೇ ಇದ್ದರು. ಇನ್ನೊಂದು ಗುಂಪಿನಲ್ಲಿ ತಮಗೆ ಕೊಟ್ಟಿದ್ದನ್ನು ಮುಂದುವರಿಸಿದ್ದವರು ಶೇ 9 ಮಾತ್ರ. ಸಿಗರೇಟ್ ಬಿಡುವುದೊಂದೇ ಗುರಿಯಾದರೆ ವೇಪ್ ಮೇಲುಗೈ, ಅದನ್ನು ಒಪ್ಪುತ್ತೇನೆ. ಕೆಲವು ದೇಶಗಳಲ್ಲಿ ಅದರ ಮಾರಾಟವೇ ನಿಷಿದ್ಧ, ಆ ಮಾತು ಬೇರೆ. ನನಗೆ ಬೇಕಿದ್ದದ್ದು ನಿಕೋಟಿನ್‌ನಿಂದಲೇ ಬಿಡುಗಡೆ.

ಏಳು ತಿಂಗಳಾದ ಮೇಲೆ ವೈದ್ಯರನ್ನು ಕಂಡೆ. ಅವರು 21 ಮಿ.ಗ್ರಾಂ ಪ್ಯಾಚ್ ಬರೆದುಕೊಟ್ಟು, ತುಡಿತ ಬಂದಾಗ ಗಮ್ ಹಾಕಿಕೊಳ್ಳಿ ಎಂದರು. 24 ಗಂಟೆಯಲ್ಲಿ 21 ಮಿ.ಗ್ರಾಂ ಎಂದರೆ ನನ್ನ ಹಳೆಯ ಸಿಗರೇಟಿನ ಲೆಕ್ಕಕ್ಕೆ ಸಮ. ಆದರೆ ಚರ್ಮದ ಮೂಲಕ ಹನಿಹನಿಯಾಗಿ ಇಳಿಯುವುದರಿಂದ ಆ ಏರು, ಆ ಸುಖ ಏನೂ ಇಲ್ಲ. ಮೊದಲ ವಾರ ಬರಡಾಗಿ ಕಳೆಯಿತು, ನಡುರಾತ್ರಿ ಕಣ್ಣಿಗೆ ಕಟ್ಟಿದಂಥ ಕನಸುಗಳು ಬೇರೆ. ಮಲಗುವ ಮುನ್ನ ಪ್ಯಾಚ್ ಕಿತ್ತರೆ ಕನಸು ನಿಲ್ಲುತ್ತಿತ್ತು, ಬೆಳಗಿನ ತುಡಿತ ಹೆಚ್ಚುತ್ತಿತ್ತು. ಅದಕ್ಕೆ 4 ಮಿ.ಗ್ರಾಂ ಗಮ್: ನಿಧಾನ ಅಗಿದು, ನಾಲಿಗೆ ಚುರುಗುಟ್ಟಿದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟು, ಚುರುಕು ಇಳಿದ ಮೇಲೆ ಮತ್ತೆ ಅಗಿಯುವುದು. ಕಾಫಿಗೂ ಗಮ್‌ಗೂ ನಡುವೆ 15 ನಿಮಿಷದ ಅಂತರ. ಹಿಂದೆ ಕೈಕೊಟ್ಟಿದ್ದ ಅದೇ ಗಮ್ ಈ ಸಲ ನನ್ನನ್ನು ಹಿಡಿದು ನಿಲ್ಲಿಸಿತು. ಪ್ಯಾಚ್ ಜೊತೆಗೆ ಗಮ್ ಅಥವಾ ಚಪ್ಪರಿಸುವ ಮಾತ್ರೆ ಬಳಸುವವರು, ಒಂದನ್ನೇ ಬಳಸುವವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬಿಡುತ್ತಾರೆ ಎನ್ನುವುದು ಅಧ್ಯಯನಗಳಿಂದ ಸಾಬೀತಾಗಿದೆ. ಸಿಗರೇಟ್ ಬಿಡಲು ಕೊಡುವ ವೆರೆನಿಕ್ಲಿನ್ ಮಾತ್ರೆಯನ್ನು ನಾನು ನುಂಗಿಲ್ಲ. ಅದರಲ್ಲಿ ನಿಕೋಟಿನ್ನೇ ಇಲ್ಲದ್ದರಿಂದ ಈ ಲೆಕ್ಕಕ್ಕೂ ಅದು ಬರುವುದಿಲ್ಲ.

ಪ್ಯಾಚ್ ಆರು ವಾರ 21 ಮಿ.ಗ್ರಾಂ, ಎರಡು ವಾರ 14, ಎರಡು ವಾರ 7. ಪ್ರತಿ ಇಳಿತವೂ ಪೊಟ್ಟಣದಲ್ಲೇ ಅಳೆದಿಟ್ಟದ್ದು. ತುಡಿತ ಎಷ್ಟೇ ಬರಲಿ, ಪ್ಯಾಚ್ ತನ್ನ ಪಾಲಿಗಿಂತ ಹೆಚ್ಚು ಕೊಡುವುದಿಲ್ಲ. ಗಮ್ ಎಷ್ಟು ತಿಂದೆ ಎಂದು ಪೊಟ್ಟಣದಲ್ಲಿ ಖಾಲಿಯಾದ ಗೂಡುಗಳನ್ನು ನೋಡಿ ಎಣಿಸಬಹುದಿತ್ತು: ಮೊದಲ ವಾರ ದಿನಕ್ಕೆ ಎಂಟು, ಹತ್ತನೆಯ ವಾರ ಮೂರು. ಈಗ 2 ಮಿ.ಗ್ರಾಂನದ್ದು ಒಂದು, ಬೆಳಗ್ಗೆ ಎದ್ದು ಒಂದು ಗಂಟೆಯಾದ ಮೇಲೆ.