ಆ್ಯಪ್ ಹಾಕಿಕೊಳ್ಳಬೇಕೆ, ಬ್ರೌಸರ್ ಸಾಕೆ?

ಈ ಪ್ರಶ್ನೆ ಹೊಸದಲ್ಲ. 2007ರ ಮೊದಲ ಐಫೋನ್‌ನಲ್ಲಿ ಹೊರಗಿನವರ ಆ್ಯಪ್ ಹಾಕಿಕೊಳ್ಳುವಂತಿರಲಿಲ್ಲ, ಅವರ ಸೇವೆಗಳು ಹೆಚ್ಚಾಗಿ ಬ್ರೌಸರ್‌ನಲ್ಲೇ. ಆ್ಯಪ್ ಸ್ಟೋರ್ ತೆರೆದದ್ದು 2008ರ ಜುಲೈನಲ್ಲಿ.

ಜಾಗದ ವಿಷಯದಲ್ಲಿ ಬ್ರೌಸರ್ ಹಗುರ. ಆ್ಯಪ್ ಬಳಸಿದಂತೆಲ್ಲ ಕ್ಯಾಶ್ (ಬೇಗ ತೆರೆಯಲೆಂದು ಫೋನ್‌ನಲ್ಲಿ ಉಳಿಸಿಕೊಳ್ಳುವ ತಾತ್ಕಾಲಿಕ ಕಡತಗಳು) ಸೇರಿ ಉಬ್ಬುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಆ ಆ್ಯಪ್‌ನ ಸ್ಟೋರೇಜ್ ತೆರೆದು ಕ್ಯಾಶ್ ಮಾತ್ರ ಅಳಿಸಿ. ಅಲ್ಲೇ ಇರುವ ಡೇಟಾ ಅಳಿಸುವ ಬಟನ್ ಒತ್ತಿದರೆ ಲಾಗಿನ್, ಆ್ಯಪ್‌ನೊಳಗೆ ಇಳಿಸಿಟ್ಟದ್ದು ಎಲ್ಲವೂ ಹೋಗುತ್ತದೆ, ಜೋಪಾನ.

ನೆಟ್‌ವರ್ಕ್ ಕೈಕೊಡುವ ಕಡೆ ಆ್ಯಪೇ ವಾಸಿ: ನಕ್ಷೆಯನ್ನು ಮೊದಲೇ ಇಳಿಸಿಟ್ಟರೆ ದಾರಿ ತಪ್ಪುವುದಿಲ್ಲ.

ಅನುಮತಿ? ಬರೀ ಟಾರ್ಚ್ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿದರೆ ತೆಗೆದುಹಾಕಿ.

ದಿನಾ ಬೇಕಾದದ್ದಕ್ಕೆ, ಹಣ ಕಳಿಸುವುದಕ್ಕೆ ಆ್ಯಪ್ ಇರಲಿ. ಅಪರೂಪಕ್ಕೆ ನೋಡುವ ತಾಣವಾದರೆ ಬ್ರೌಸರ್ ಸಾಕು. ಮೆನುವಿನಿಂದ ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡರೆ ಐಕಾನ್ ಒತ್ತಿಯೇ ತೆರೆಯಬಹುದು.